"ಹೆಸರು ಹಾಕಿರ್ಲಿಲ್ಲ ಮೇಡಂ": ಬ್ಲಾಗ್ ನಿಲ್ಲಿಸಿದ ಹುಡುಗಿಯ ಪ್ರಕರಣ

ಅವಳು ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಪದವಿ ಎರಡನೇ ವರ್ಷ. ಓದಿನಲ್ಲಿ ತೊಂದರೆ ಇಲ್ಲ, ಮನೆಯಲ್ಲೂ ಅಂಥ ಗಲಾಟೆ ಏನಿಲ್ಲ. ಅರ್ಧ ಗಂಟೆ ಸುತ್ತಿ ಬಳಸಿ ಮಾತಾಡಿ, ಎದ್ದು ಹೊರಟವಳು ಬಾಗಿಲ ಹತ್ತಿರ ನಿಂತು, "ಒಂದು ಬ್ಲಾಗ್ ಶುರು ಮಾಡಿದ್ದೆ ಮೇಡಂ, ಅದನ್ನೂ ನಡೆಸೋಕಾಗ್ಲಿಲ್ಲ, ನನ್ನ ಕೈಲಿ ಏನೂ ಆಗಲ್ಲ" ಅಂದಳು. ಮುಖ್ಯ ಮಾತು ಬಾಗಿಲ ಹತ್ತಿರವೇ ಬರುವುದು, ಆಪ್ತಸಮಾಲೋಚನೆಯ ಕೆಲಸದಲ್ಲಿ ಇರುವವರಿಗೆ ಇದು ಗೊತ್ತು. ಮತ್ತೆ ಕೂರಿಸಿದೆ.

(ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರ ಬದಲಾಯಿಸಿದ್ದೇನೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.)

ಬ್ಲಾಗ್ ಶುರುವಾಗಿ 7 ತಿಂಗಳಾಗಿತ್ತು. ಮೊದಲ ವಾರ ಪೂರ್ತಿ ಹೆಸರು, ಬಣ್ಣ, ಥೀಮ್ ಹುಡುಕುವುದರಲ್ಲೇ ಹೋಯಿತು. ಆಮೇಲೆ ಮೂರು ವಾರದಲ್ಲಿ 11 ಪೋಸ್ಟ್. ಆಮೇಲೆ ಸೊನ್ನೆ. "ನಾನು ಸೋಮಾರಿ" ಅನ್ನುವುದು ಅವಳ ತೀರ್ಮಾನ. ಮೊದಲ ದಿನ ನಾನೂ ಅದನ್ನೇ ನಂಬಿಬಿಟ್ಟೆ. ವಾರಕ್ಕೊಂದು ಬರಿ, ಭಾನುವಾರ ಒಂದು ಗಂಟೆ ಅದಕ್ಕೇ ಎತ್ತಿಡು ಅಂತ ಟೈಮ್‌ಟೇಬಲ್ ಹಾಕಿಕೊಟ್ಟು ಕಳಿಸಿದೆ. ಎರಡು ವಾರ ಬಿಟ್ಟು ಬಂದಾಗ ಒಂದಕ್ಷರ ಬರೆದಿರಲಿಲ್ಲ, ನಿದ್ದೆ ಇನ್ನೂ ಕೆಟ್ಟಿತ್ತು. ತಾನು ಸೋಮಾರಿ ಅನ್ನುವುದಕ್ಕೆ ಅವಳಿಗೆ ಇನ್ನೊಂದು ಸಾಕ್ಷಿ ಸಿಕ್ಕಿತ್ತು, ಅದನ್ನು ಕೊಟ್ಟವಳು ನಾನೇ.

ಹಾಗಾಗಿ ಈ ಸಲ ಬೇರೆ ಥರ ಕೇಳಿದೆ. ಕೊನೆಯ ಪೋಸ್ಟ್ ಯಾವುದು? ಸ್ವಲ್ಪ ಓದು ನೋಡೋಣ. ಅವಳು ಫೋನ್ ತೆಗೆದಳು, ಓದಲಿಲ್ಲ.

ಅದು ಅವಳ ರೂಮ್‌ಮೇಟ್ ಬಗ್ಗೆ ಬರೆದದ್ದು. ಜಗಳವಾದ ರಾತ್ರಿ, ಹನ್ನೆರಡೂವರೆಗೆ, ಕೋಪದಲ್ಲೇ ಬರೆದು ಹಾಗೇ ಪಬ್ಲಿಷ್ ಒತ್ತಿದ್ದಳು. ಗೆಳತಿ ನಂಬಿ ಹೇಳಿಕೊಂಡಿದ್ದ ಮನೆಯ ಕಷ್ಟವೂ ಅದರಲ್ಲಿತ್ತು. "ಹೆಸರು ಹಾಕಿರ್ಲಿಲ್ಲ ಮೇಡಂ." ಹೌದು, ಹಾಕಿರಲಿಲ್ಲ. ಆದರೆ ಹೆಸರು ಬಿಟ್ಟರೆ ಗೊತ್ತಾಗದೆ ಹೋಗುವುದು ದೂರದವರಿಗೆ ಮಾತ್ರ, ಒಂದೇ ಕ್ಲಾಸಿನವರಿಗೆ ಎರಡು ಸಾಲು ಸಾಕು, ಅಲ್ವಾ? ಯಾರೋ ಅದನ್ನು ಗೆಳತಿಗೆ ತೋರಿಸಿದರು. ಅವಳು ಜಗಳಕ್ಕೆ ಬರಲಿಲ್ಲ. ಮಾತು ಬಿಟ್ಟಳು, ತಿಂಗಳೊಳಗೆ ರೂಮು ಬದಲಾಯಿಸಿದಳು.

ಪೋಸ್ಟ್ ಇನ್ನೂ ಹಾಗೇ ಇತ್ತು. ಯಾಕೆ ತೆಗೆದಿಲ್ಲ ಅಂದರೆ, "ತೆಗೆದ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ" ಅಂದಳು. ಬದಲಿಗೆ ದಿನಾ ರಾತ್ರಿ ಮಲಗುವ ಮೊದಲು ಅದನ್ನು ತೆರೆಯುವುದು, ಇನ್ನೂ ಎಷ್ಟು ಜನ ಓದುತ್ತಿದ್ದಾರೆ ಅಂತ ಅಂಕಿ ನೋಡುವುದು. ಅಂಕಿ ದಿನಾ ಏರುತ್ತಿತ್ತು. ನಿದ್ದೆ ಎಲ್ಲಿಂದ ಬರಬೇಕು!

ಅವಳದು ಗೂಗಲ್‌ನ ಬ್ಲಾಗರ್ ಅನ್ನುವ ತಾಣದಲ್ಲಿದ್ದ ಬ್ಲಾಗ್. ಅಲ್ಲಿ ಸೆಟ್ಟಿಂಗ್ ಬದಲಿಸದೇ ಇದ್ದರೆ ನಾವೇ ತೆರೆದು ನೋಡಿದ್ದೂ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಹೇಳಿದೆ, ಅಲ್ಲೇ ಕೂತು ತನ್ನ ಭೇಟಿ ಎಣಿಸದ ಹಾಗೆ ಮಾಡಿಕೊಂಡಳು. ಮುಂದಿನ ವಾರ ನೋಡಿದರೆ ಆ ಪೋಸ್ಟಿನ ಅಂಕಿ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಇಷ್ಟು ದಿನ ಯಾವ ಓದುಗರಿಗೆ ಹೆದರಿ ಎದ್ದು ಕೂರುತ್ತಿದ್ದಳೋ ಅವರಲ್ಲಿ ಮುಕ್ಕಾಲು ಪಾಲು ಅವಳೇ. ಇಬ್ಬರೂ ನಕ್ಕೆವು. ಅವಳು ನಗುತ್ತಲೇ ಅತ್ತಳು, ಯಾಕೆಂದರೆ ಅಂಕಿ ನಿಂತರೂ ಗೆಳತಿಗಾದ ನೋವು ಹಾಗೇ ಇತ್ತು.

ಅವಳಿಗೆ ನಾನು ಹೇಳಿದ್ದು ಇಷ್ಟು. ಮೊದಲು ಆ ಪೋಸ್ಟನ್ನು ಡ್ರಾಫ್ಟ್‌ಗೆ, ಅಂದರೆ ನಿನಗೆ ಮಾತ್ರ ಕಾಣುವ ಕರಡಿಗೆ, ವಾಪಸ್ ಹಾಕು, ಇವತ್ತೇ. ಅದರಿಂದ ಎಲ್ಲ ಅಳಿಸಿಹೋಗುತ್ತದೆ ಅಂತ ಅಲ್ಲ. ಇಂಟರ್ನೆಟ್ ಆರ್ಕೈವ್ ಅನ್ನುವ ಸಂಸ್ಥೆ 1996ರಿಂದ ವೆಬ್ ಪುಟಗಳ ನಕಲು ಎತ್ತಿಡುತ್ತಾ ಬಂದಿದೆ, ಸ್ಕ್ರೀನ್‌ಶಾಟ್ ಯಾರ ಫೋನಿನಲ್ಲಿದೆಯೋ ಯಾರಿಗೆ ಗೊತ್ತು. ಆದರೂ ತೆಗೆಯಬೇಕು, ಯಾಕೆಂದರೆ ಆ ಕಷ್ಟದ ಕಥೆ ನಿನ್ನದಲ್ಲ.

ಎರಡನೆಯದು, ಗೆಳತಿಯ ಹತ್ತಿರ ಕ್ಷಮೆ ಕೇಳುವುದು, ಅದೂ ಎದುರು ನಿಂತು. ಅದಕ್ಕೆ ಅವಳು ಒಪ್ಪಲೇ ಇಲ್ಲ. ಕ್ಷಮೆ ಕೇಳಿ ಒಂದು ಒಳ್ಳೆಯ ಪೋಸ್ಟ್ ಬರೆಯುತ್ತೇನೆ ಅಂದಳು. ನಾನು ಸಾಮಾನ್ಯವಾಗಿ ಇಷ್ಟು ಕಟುವಾಗಿ ಮಾತಾಡುವುದಿಲ್ಲ, ಆದರೆ ಕೇಳಿಬಿಟ್ಟೆ: ಅವಳ ಗುಟ್ಟು ಬೀದಿಗೆ ತಂದಿದ್ದೂ ಅಲ್ದೆ ಕ್ಷಮೆಯನ್ನೂ ಬೀದಿಯಲ್ಲೇ ಕೇಳ್ತೀಯಾ? ಎದುರು ಹೋಗಿ ಕೇಳು. "ಆದ್ರೆ ನೀನೂ ಅವತ್ತು" ಅನ್ನುವ ಮಾತು ಬರಬಾರದು. ಅವಳು ಕ್ಷಮಿಸಲೇಬೇಕು ಅಂತ ಕಾಯಬಾರದು.

ಆಮೇಲೆ ಬರವಣಿಗೆಯ ಮಾತು. ಅವಳ 11 ಪೋಸ್ಟ್‌ಗಳಲ್ಲಿ ಎರಡು ಥರದವು ಕಲೆಸಿಹೋಗಿದ್ದವು. ಕೆಲವು ಮನಸ್ಸು ಹಗುರ ಮಾಡಿಕೊಳ್ಳಲು ಬರೆದವು, ಕೆಲವು ಯಾರಿಗೋ ಏನೋ ಹೇಳಲು ಬರೆದವು. ಮನಸ್ಸು ಹಗುರ ಮಾಡಿಕೊಳ್ಳಲು ಬರೆಯುವುದರಲ್ಲಿ ಬಲವಿದೆ. ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಜೊತೆಗಾರ್ತಿ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ ಬರೆದರು. ತಮಗಾದ ನೋವನ್ನು, ಅದರ ಜೊತೆಗಿನ ಭಾವನೆಯನ್ನು ಬರೆದವರಿಗೆ ಆ ಹೊತ್ತಿಗೆ ಮನಸ್ಸು ಇನ್ನಷ್ಟು ಕುಗ್ಗಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಒಂದೇ, ಅವರು ಅದನ್ನು ಗೆಳೆಯರು ಓದಲಿ ಅಂತ ಬರೆಯಲಿಲ್ಲ. ಬರೆದ ತಕ್ಷಣ ಮನಸ್ಸು ಕುಗ್ಗಿರುತ್ತದಲ್ಲ, ಪಬ್ಲಿಷ್ ಒತ್ತಲು ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಅಂಥದ್ದಕ್ಕೆ ಒಂದು ನೋಟ್‌ಬುಕ್ ಇಟ್ಟುಕೋ ಅಂದೆ.

ಮೊದಮೊದಲ ಬ್ಲಾಗಿಗರಲ್ಲಿ ಒಬ್ಬನಾದ ಜಸ್ಟಿನ್ ಹಾಲ್ ಕೂಡ ವಿದ್ಯಾರ್ಥಿಯಾಗಿದ್ದಾಗಲೇ, 1994ರಲ್ಲಿ, ಶುರು ಮಾಡಿದವನು. ತನ್ನ ಬದುಕನ್ನೆಲ್ಲ ತೆರೆದಿಟ್ಟು ಹತ್ತು ವರ್ಷ ಬರೆದ, 2005ರಲ್ಲಿ ಆ ಥರದ ಬರವಣಿಗೆ ನಿಲ್ಲಿಸಿದ, ಹತ್ತಿರದವರ ಜೊತೆಗಿನ ಸಂಬಂಧಕ್ಕೆ ಅದು ಅಡ್ಡ ಬರುತ್ತಿದೆ ಅನ್ನಿಸಿದ್ದರಿಂದ. ಇದನ್ನು ಹೇಳಿದಾಗ ಅವಳಿಗೆ ಸ್ವಲ್ಪ ಸಮಾಧಾನವಾಯಿತು, ಈ ಗುಂಡಿಗೆ ಬಿದ್ದವಳು ತಾನೊಬ್ಬಳೇ ಅಲ್ಲ ಅಂತ.

ಹಾಗಾದರೆ ಬ್ಲಾಗಿನಲ್ಲಿ ಏನು ಬರೆಯಬೇಕು? ಉತ್ತರ ಅವಳ ಅಂಕಿಯಲ್ಲೇ ಇತ್ತು. ಅವಳ ಭೇಟಿ ಕಳೆದ ಮೇಲೂ ಒಂದು ಹಳೆಯ ಪೋಸ್ಟಿಗೆ ವಾರಕ್ಕೆ ನಾಲ್ಕೈದು ಜನ ಗೂಗಲ್‌ನಿಂದ ಬರುತ್ತಿದ್ದರು. ಸಂಭವನೀಯತೆಯ ಒಂದು ಲೆಕ್ಕವನ್ನು ಮೂರು ಸಲ ತಪ್ಪು ಮಾಡಿ ನಾಲ್ಕನೇ ಸಲ ಸರಿ ಮಾಡಿದ ಕಥೆ ಅದು. "ಅದು ಸುಮ್ನೆ ಬರೆದಿದ್ದು ಮೇಡಂ." ಇರಲಿ, ಯಾರಿಗೋ ಅದೇ ಬೇಕಾಗಿದೆ. ಅಲ್ಲಿಂದಲೇ ಮುಂದುವರಿಸು ಅಂದೆ. ಟೈಮ್‌ಟೇಬಲ್ ಬೇಡ. ರಾತ್ರಿ ಬರೆದದ್ದು ಡ್ರಾಫ್ಟ್‌ನಲ್ಲಿ ಒಂದು ರಾತ್ರಿ ಮಲಗಿರಲಿ. ಇನ್ನೊಬ್ಬರು ಬರುವ ಮಾತಾದರೆ ಮೊದಲು ಅವರಿಗೆ ತೋರಿಸು. ಅಂಕಿ ತಿಂಗಳಿಗೊಮ್ಮೆ ನೋಡಿದರೆ ಜಾಸ್ತಿ ಆಯಿತು. ಮತ್ತೆ ದಯವಿಟ್ಟು "ತುಂಬಾ ದಿನ ಬರೆಯಲಿಲ್ಲ, ಕ್ಷಮಿಸಿ, ಇನ್ಮೇಲೆ ತಪ್ಪದೆ ಬರೀತೀನಿ" ಅಂತ ಶುರು ಮಾಡಬೇಡ. ನಾನು ನೋಡಿದ ಎಷ್ಟೋ ವಿದ್ಯಾರ್ಥಿ ಬ್ಲಾಗ್‌ಗಳ ಕೊನೆಯ ಪೋಸ್ಟ್ ಅದೇ.

ಮೂರು ತಿಂಗಳಲ್ಲಿ ನಾಲ್ಕು ಪೋಸ್ಟ್ ಆಗಿದೆ. ನಿದ್ದೆ ಪರವಾಗಿಲ್ಲ. ಗೆಳತಿ ಕ್ಷಮೆ ಕೇಳಿಸಿಕೊಂಡಳು, ಹೂಂ ಅಂದಳು, ಅಷ್ಟೇ. ಎದುರು ಸಿಕ್ಕರೆ ತಲೆಯಾಡಿಸುತ್ತಾಳಂತೆ.

ಇದನ್ನು ಹಾಕುವ ಮೊದಲು ಅವಳಿಗೂ ತೋರಿಸಿದೆ, ಅವಳ ಮೂಲಕ ಗೆಳತಿಗೂ. ಗೆಳತಿ ಎರಡು ಸಾಲು ತೆಗೆಯಲು ಹೇಳಿಕಳಿಸಿದಳು. ತೆಗೆದಿದ್ದೇನೆ.