ಕನ್ನಡ ಹೆಸರಿನ ಫೋಲ್ಡರ್, ಮುಗ್ಗರಿಸುವ ತಂತ್ರಾಂಶ

ಯೂಸರ್ ಫೋಲ್ಡರಿನ ಹೆಸರು ‘ಸೌಮ್ಯ’ ಎಂದಿದೆ, ಸ್ಕ್ಯಾನರ್ ತಂತ್ರಾಂಶ ತೆರೆದೊಡನೆ ಮುಚ್ಚಿಕೊಳ್ಳುತ್ತದೆ ಎಂದಿದ್ದೀರಿ. ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ. ವಿಂಡೋಸ್‌ಗೆ ಕನ್ನಡದ ಹೆಸರು ತೊಡಕೇ ಅಲ್ಲ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ) ಅರಿಯದ ಹಳೆಯ ತಂತ್ರಾಂಶಗಳದ್ದೇ ಈ ತಕರಾರು. ಅವು ನೆಚ್ಚಿಕೊಂಡಿರುವ ವಿಂಡೋಸ್‌ನ ಹಳೆಯ ‘ಆನ್ಸಿ’ (ANSI) ಕೋಡ್ ಪೇಜ್‌ಗಳಲ್ಲಿ, ಅಂದರೆ ಅಕ್ಷರಪಟ್ಟಿಗಳಲ್ಲಿ, ಕನ್ನಡಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ‘ಸೌಮ್ಯ’ ಅಂಥ ತಂತ್ರಾಂಶದ ಕಣ್ಣಿಗೆ ಬರೀ ‘?????’. ಆ ಚಿಹ್ನೆಯೋ ಫೋಲ್ಡರ್ ಹೆಸರಿನಲ್ಲಿ ನಿಷಿದ್ಧ! ಯೂಸರ್ ಫೋಲ್ಡರಿನೊಳಗೆ ತಾತ್ಕಾಲಿಕ ಕಡತ ಬರೆಯಲು ಹೋಗಿ ದಾರಿ ಸಿಗದೆ ಕುಸಿಯುತ್ತದೆ.

ಮೊದಲು ಸಿ ಡ್ರೈವ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಹೆಸರಿನ ಫೋಲ್ಡರ್ ಮಾಡಿ, ವಿಂಡೋಸ್ ಸೆಟ್ಟಿಂಗ್‌ಗಳಾದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ತಾತ್ಕಾಲಿಕ ಕಡತಗಳ ಜಾಗ ಹೇಳುವ ‘ಟೆಂಪ್’ (TEMP), ‘ಟಿಎಂಪಿ’ (TMP) ಎರಡನ್ನೂ ಅತ್ತ ತಿರುಗಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಇಂಗ್ಲಿಷ್ ಹೆಸರಿನ ಹೊಸ ಖಾತೆಯೇ ಗತಿ. ಹಳೆಯ ಖಾತೆಯ ಹೆಸರನ್ನಷ್ಟೇ ಬದಲಿಸಿದರೆ ಫೋಲ್ಡರ್ ಬದಲಾಗುವುದಿಲ್ಲ.