ಮಾತ್ರೆ ಹಾಕಿದ ಕಾಫಿ, ಜೊತೆಗೆ ನಾಲ್ಕು ಬಿಸ್ಕತ್ತು

ಕೊಡಗಿನ ನಾಪೋಕ್ಲಿನ ಓದುಗರೊಬ್ಬರ ಪತ್ರದ ಸಾರ: ದಿನಕ್ಕೆ ಆರು ಲೋಟ ಬೆಲ್ಲದ ಕಾಫಿ ಕುಡಿಯುತ್ತಿದ್ದ ಅವರು ಎಂಟು ತಿಂಗಳಿಂದ ಬೆಲ್ಲದ ಬದಲು ಸಕ್ಕರೆಯಿಲ್ಲದ ಕೃತಕ ಸಿಹಿ ಮಾತ್ರೆ ಹಾಕಿಕೊಳ್ಳುತ್ತಿದ್ದಾರೆ. ಮೊದಲು ಇಳಿದ ಎರಡು ಕಿಲೋ ತೂಕ ಈಗ ಮರಳಿ ಬಂದಿದೆ. ಮಾತ್ರೆ ಬಿಟ್ಟು ಜೇನಿಗೆ ಹೋಗಬಹುದೇ? ಮಧುಮೇಹವಿರುವ ಯಜಮಾನರೂ ಮಾತ್ರೆ ಬಿಡಬೇಕೇ?

ಸಂಪಾದಕರ ಉತ್ತರ: ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ಬರೆದು ಮುಂದೆ ಹೋದ ಒಂದು ಮಾತಿನಲ್ಲೇ ಉತ್ತರವಿದೆ ಎಂದು ನಮಗೆ ತೋರುತ್ತದೆ: ‘ಕಾಫಿಗೆ ಸಕ್ಕರೆಯೇ ಇಲ್ಲವಲ್ಲ ಎಂದು ಸಂಜೆ ನಾಲ್ಕು ಕ್ರೀಮ್ ಬಿಸ್ಕತ್ತು ತಿನ್ನುತ್ತೇನೆ.’ ಲೋಟಕ್ಕೆ ಹತ್ತು ಗ್ರಾಂ ಬೆಲ್ಲವೆಂದರೆ ಆರು ಲೋಟಕ್ಕೆ ಸುಮಾರು 230 ಕ್ಯಾಲೊರಿ. ಆ ನಾಲ್ಕು ಬಿಸ್ಕತ್ತುಗಳಲ್ಲಿ ಸುಮಾರು 200. ಅಕ್ಕಿ ಒಟ್ಟಿಯ (ಅಕ್ಕಿ ರೊಟ್ಟಿಯ) ಮೇಲೆ ಒಂದೇ ಒಂದು ಚಮಚ ತುಪ್ಪ ಹೆಚ್ಚಾಗಿ ಬಿದ್ದರೂ ಉಳಿದ ಮೂವತ್ತು ಕ್ಯಾಲೊರಿ ಮುಗಿಯಿತು. ಮಾತ್ರೆ ತನ್ನ ಕೆಲಸ ಮಾಡಿದೆ, ಉಳಿತಾಯ ಮಾತ್ರ ಬೇರೆ ತಟ್ಟೆಗೆ ಹೋಗಿದೆ.

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತೂಕವನ್ನು ಹತೋಟಿಯಲ್ಲಿಡಲು ಇಂಥ ಸಿಹಿಕಾರಕಗಳನ್ನು ಬಳಸಬೇಡಿ ಎಂದು ಸಲಹೆ ನೀಡಿತು. ಅಲ್ಪಾವಧಿಯ ಪ್ರಯೋಗಗಳಲ್ಲಿ ತೂಕ ಸರಾಸರಿ ಒಂದು ಕಿಲೋಗಿಂತಲೂ ಕಡಿಮೆ ಇಳಿದಿತ್ತು. ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಹೆಚ್ಚು ಬಳಸುವವರಲ್ಲೇ ಬೊಜ್ಜು ಹೆಚ್ಚಾಗಿ ಕಂಡಿತ್ತು. ಆದರೆ ಮೈ ಬಂದವರೇ ಮಾತ್ರೆಯ ಡಬ್ಬಿ ಕೊಳ್ಳುವುದು ಸಹಜವಾದ್ದರಿಂದ, ಮಾತ್ರೆಯಿಂದಲೇ ತೂಕ ಏರಿತೆಂದು ಹೇಳಲಾಗದು. ಸಂಸ್ಥೆಯೂ ಇದನ್ನು ಷರತ್ತುಬದ್ಧ ಸಲಹೆಯೆಂದೇ, ಅಂದರೆ ಪುರಾವೆ ಇನ್ನೂ ಗಟ್ಟಿಯಾಗಿಲ್ಲದ ಸಲಹೆಯೆಂದೇ ಕರೆದಿದೆ. ಈಗಾಗಲೇ ಮಧುಮೇಹವಿರುವವರಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಯಜಮಾನರ ಡಬ್ಬಿಯನ್ನು ನೀವು ಎತ್ತಿಡಬೇಡಿ; ಅದು ಅವರ ವೈದ್ಯರು ತೀರ್ಮಾನಿಸಬೇಕಾದ ವಿಷಯ.

ಇನ್ನು ಜೇನು. ಕೊಡಗಿನ ಜೇನಿನ ಬಗ್ಗೆ ನಮಗೂ ಅಭಿಮಾನವಿದೆ. ಆದರೂ ಒಂದು ದೊಡ್ಡ ಚಮಚ ಜೇನಿನಲ್ಲಿ ಅರುವತ್ತು ಕ್ಯಾಲೊರಿ ದಾಟುತ್ತದೆ, ಮತ್ತು ಅದರ ಬಹುಪಾಲು ಸಕ್ಕರೆಯೇ. ತೂಕದ ಲೆಕ್ಕದಲ್ಲಿ ಬೆಲ್ಲ ಬಿಟ್ಟು ಜೇನು ಹಿಡಿಯುವುದರಿಂದ ಏನೂ ಸಿಗದು.

ನಮ್ಮ ಸಲಹೆ ಇಷ್ಟೆ: ಆರು ಲೋಟವನ್ನು ಮೂರಕ್ಕಿಳಿಸಿ, ಬೆಲ್ಲವನ್ನೇ ಹಾಕಿ, ಎರಡು ವಾರಕ್ಕೊಮ್ಮೆ ಅರ್ಧ ಚಮಚ ಕಡಿಮೆ ಮಾಡುತ್ತ ಬನ್ನಿ. ರೊಬಸ್ಟಾ ತಳಿಯ ಕಾಫಿಯ ಕಹಿ ಮೊದಮೊದಲು ಮುಖ ಕಿವುಚಿಸುತ್ತದೆ. ಡಿಕಾಕ್ಷನ್ ತುಸು ತೆಳುವಾಗಿಸಿಕೊಂಡರೆ ನಾಲಿಗೆ ಬೇಗ ಒಗ್ಗುತ್ತದೆ. ಬಿಸ್ಕತ್ತಿನ ಡಬ್ಬಿಯನ್ನು ಮಾತ್ರ ಅಟ್ಟಕ್ಕೇರಿಸಿಬಿಡಿ.