ಟ್ರೈಬ್‌ನ ಕೊನೆಯ ಆಲ್ಬಮ್ ಅನ್ನು ಏನೂ ನಿರೀಕ್ಷೆ ಇಟ್ಟುಕೊಳ್ಳದೆ ಕೇಳಿದರೆ ಒಳ್ಳೆಯದಾ?

ಅಮೆರಿಕದ ರ‍್ಯಾಪ್ ಗುಂಪು ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ಹಳೇ ಹಾಡುಗಳು ಇಷ್ಟ, ಆದರೆ 18 ವರ್ಷ ಬಿಟ್ಟು ಬಂದ ಆಲ್ಬಮ್ ಬೇಜಾರು ಮಾಡುತ್ತೇನೋ ಅಂತ ಭಯ, ಹಾಗಾಗಿ ನಿರೀಕ್ಷೆ ತಗ್ಗಿಸಿಕೊಂಡು ಕೇಳಲಾ ಅಂತ ಕೇಳಿದ್ದೀರಿ. ನಾನೂ ಅದನ್ನೇ ಮಾಡಿದ್ದೆ. ಮಾಡಬಾರದಿತ್ತು.

2016ರ ನವೆಂಬರ್ 11ಕ್ಕೆ 'ವಿ ಗಾಟ್ ಇಟ್ ಫ್ರಮ್ ಹಿಯರ್... ಥ್ಯಾಂಕ್ ಯೂ 4 ಯುವರ್ ಸರ್ವಿಸ್' ಅನ್ನೋ ಈ ಆಲ್ಬಮ್ ಬಂದಾಗ ನನ್ನ ಲೆಕ್ಕ ಹೀಗಿತ್ತು. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಹಿಂದಿನ ಆಲ್ಬಮ್ ತಂದಿದ್ದು 1998ರಲ್ಲಿ. ಅದೂ ನನಗೆ ಅಷ್ಟಕ್ಕಷ್ಟೇ. ಗುಂಪಿನ ಇಬ್ಬರು ಮುಖ್ಯ ರ‍್ಯಾಪರ್‌ಗಳಾದ ಕ್ಯೂ-ಟಿಪ್ ಮತ್ತು ಫೈಫ್ ನಡುವಿನ ಮುನಿಸನ್ನು 2011ರ ಡಾಕ್ಯುಮೆಂಟರಿಯಲ್ಲಿ ಎಲ್ಲರೂ ನೋಡಿದ್ದರು. ಅದೂ ಸಾಲದು ಅಂತ ಫೈಫ್ 2016ರ ಮಾರ್ಚ್‌ನಲ್ಲಿ ಸಕ್ಕರೆ ಕಾಯಿಲೆ ಉಲ್ಬಣಿಸಿ 45ನೇ ವಯಸ್ಸಿಗೇ ತೀರಿಕೊಂಡಿದ್ದ. ಹೋದವರ ಹೆಸರಲ್ಲಿ ಬರುವ ರ‍್ಯಾಪ್ ಆಲ್ಬಮ್‌ಗಳು ಹೇಗಿರುತ್ತವೆ ಅಂತ ಗೊತ್ತಲ್ವಾ? ಎಲ್ಲೋ ಮೂಲೆಯಲ್ಲಿ ಬಿದ್ದಿದ್ದ ಒಂದೆರಡು ವರ್ಸ್ (ಹಾಡಿನಲ್ಲಿ ಒಬ್ಬ ರ‍್ಯಾಪರ್‌ನ ಪಾಲು), ಸುತ್ತ ತುಂಬಿಸೋಕೆ ಒಂದಷ್ಟು ದೊಡ್ಡ ಹೆಸರು. ಇದರಲ್ಲೂ ಕೆಂಡ್ರಿಕ್ ಲಮಾರ್, ಆಂಡ್ರೆ 3000, ಕಾನ್ಯೆ ವೆಸ್ಟ್, ಎಲ್ಟನ್ ಜಾನ್, ಜ್ಯಾಕ್ ವೈಟ್ ಇದ್ದರು. ತೇಪೆ ಕೆಲಸ ಅಂತ ಕೇಳುವ ಮೊದಲೇ ತೀರ್ಮಾನ ಮಾಡಿದೆ.

ಆಮೇಲೆ ಕೇಳಿದ್ದು ಹೇಗೆ ಅನ್ನೋದೇ ಮುಖ್ಯ. ಬೇರೆ ಏನೋ ಕೆಲಸ ಮಾಡುತ್ತಾ, ಫೋನ್ ಸ್ಪೀಕರ್‌ನಲ್ಲಿ, ಪ್ರತಿ ಹಾಡಿಗೆ ಅರ್ಧ ನಿಮಿಷದಂತೆ ಹಾರಿಸಿಕೊಂಡು ಹೋದೆ. ಹುಡುಕುತ್ತಿದ್ದದ್ದು ಒಂದೇ, ಫೈಫ್ ಎಲ್ಲಿದ್ದಾನೆ? ಅರ್ಧ ನಿಮಿಷದಲ್ಲಿ ಅವನ ದನಿ ಬರದಿದ್ದರೆ "ನೋಡಿದ್ಯಾ, ಇಲ್ಲ" ಅಂದುಕೊಂಡು ಮುಂದಿನ ಹಾಡು. ಈ ಗುಂಪನ್ನು ಹೀಗೆ ಕೇಳೋಕೆ ಆಗೋದಿಲ್ಲ. ಹೆಚ್ಚಿನ ರ‍್ಯಾಪ್‌ನಲ್ಲಿ ಒಬ್ಬನ ವರ್ಸ್ ಮುಗಿದು ಇನ್ನೊಬ್ಬನದು ಶುರುವಾಗುತ್ತೆ. ಇವರು ಒಂದೇ ಸಾಲನ್ನು ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ. ಒಬ್ಬ ಶುರು ಮಾಡಿದ್ದನ್ನು ಇನ್ನೊಬ್ಬ ಬಾಯಿಂದ ಕಿತ್ತುಕೊಂಡು ಮುಗಿಸುತ್ತಾನೆ. ಆ ಕೊಡು-ಕೊಳ್ಳು ಕಿವಿಗೆ ಸಿಗಬೇಕಾದರೆ ಹಾಡನ್ನು ಓಡಲು ಬಿಡಬೇಕು. ನಾನು ಹಾರಿಸಿದ್ದೇ ಆ ಭಾಗಗಳನ್ನು. ಇಷ್ಟು ಮಾಡಿ ಸುಮ್ನಿದ್ದೆನಾ? ಟ್ರೈಬ್ ಅನ್ನು ನನಗೆ ಪರಿಚಯಿಸಿದ ಗೆಳೆಯನಿಗೇ "ಕೇಳಬೇಡ, ಬೇಜಾರಾಗುತ್ತೆ" ಅಂತ ಮೆಸೇಜ್ ಹಾಕಿದೆ. ನಂಬಿಕೊಂಡು ಅವನೂ ಬಿಟ್ಟ. ಹೊಸ ಆಲ್ಬಮ್ ಬಂದರೆ ಒಟ್ಟಿಗೆ ಕೂತು ಕೇಳುವುದು ನಮ್ಮ ರೂಢಿಯಾಗಿತ್ತು. ಇದು ತಪ್ಪಿತು, ಮುಂದೆಯೂ ಅವನು ನನ್ನ ಅಭಿಪ್ರಾಯ ಕೇಳೋದನ್ನೇ ಬಿಟ್ಟ.

ಬಹಳ ದಿನ ಆದಮೇಲೆ ಒಂದು ಉದ್ದನೆಯ ರೈಲು ಪ್ರಯಾಣದಲ್ಲಿ ಬೇರೇನೂ ಡೌನ್‌ಲೋಡ್ ಆಗಿರದೆ, ಮೊದಲಿಂದ ಕೇಳಿದೆ. ಮೊದಲ ಹಾಡಲ್ಲೇ ಫೈಫ್ ಇದ್ದಾನೆ! 'ಡಿಸ್ ಜನರೇಶನ್' ಬಂದಾಗ ನಕ್ಕುಬಿಟ್ಟೆ. ಕ್ಯೂ-ಟಿಪ್, ಫೈಫ್, ಗುಂಪಿನ ಇನ್ನೊಬ್ಬ ಜರೋಬಿ, ಅತಿಥಿ ಬಸ್ಟಾ ರೈಮ್ಸ್ ಮೈಕನ್ನು ಕೈಯಿಂದ ಕೈಗೆ ಎಸೆದಾಡುತ್ತಾರೆ. ಇದು ತೇಪೆಯಿಂದ ಆಗುವ ಕೆಲಸವೇ ಅಲ್ಲ. ಆಮೇಲೆ ಓದಿ ತಿಳಿದೆ: 2015ರ ನವೆಂಬರ್ 13ಕ್ಕೆ, ಪ್ಯಾರಿಸ್ ಭಯೋತ್ಪಾದಕ ದಾಳಿಯ ರಾತ್ರಿ, ಒಂದು ಟಿವಿ ಶೋನಲ್ಲಿ ಒಟ್ಟಿಗೆ ಹಾಡಿದ ಮೇಲೆ ಗುಟ್ಟಾಗಿ ಕೆಲಸ ಶುರುವಾಗಿತ್ತು. ನ್ಯೂಜೆರ್ಸಿಯಲ್ಲಿ ಕ್ಯೂ-ಟಿಪ್ ಮನೆಯ ಸ್ಟುಡಿಯೋಗೆ ಫೈಫ್ ಕ್ಯಾಲಿಫೋರ್ನಿಯಾದಿಂದ ವಿಮಾನದಲ್ಲಿ ಬರುತ್ತಿದ್ದ, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ. ಅತಿಥಿಗಳೂ ಫೈಲ್ ಕಳಿಸಿದರೆ ಸಾಲದು, ಅಲ್ಲಿಗೇ ಬಂದು ಹಾಡಬೇಕು ಅಂತ ಕ್ಯೂ-ಟಿಪ್ ಹಟ. ಮೊದಲ ಆಲ್ಬಮ್ ಆದಮೇಲೆ ಗುಂಪು ಬಿಟ್ಟು ಅಡುಗೆ ಕೆಲಸಕ್ಕೆ ಹೋಗಿದ್ದ ಜರೋಬಿ ಇಲ್ಲಿ ಮಾಡಿರುವ ರ‍್ಯಾಪ್ ಅಂತೂ ನಾನು ಕನಸಲ್ಲೂ ಎಣಿಸಿರಲಿಲ್ಲ.

ಅಂದಹಾಗೆ ಕೊನೆಯ ಹಾಡು 'ದ ಡೊನಾಲ್ಡ್' ಅಂತ ನೋಡಿ ಟ್ರಂಪ್ ಮೇಲಿನದು ಅಂದುಕೊಳ್ಳಬೇಡಿ. ಅದು ಫೈಫ್‌ಗೆ ನಮನ, 'ಡಾನ್ ಜ್ಯೂಸ್' ಅವನದೇ ಅಡ್ಡಹೆಸರು. ಟ್ರಂಪ್ ಗೆದ್ದ 2016ರ ಅಮೆರಿಕ ಚುನಾವಣೆಯ ಬಿಸಿ ಬೇಕಾದರೆ 'ವಿ ದ ಪೀಪಲ್' ಇದೆ. ಫಲಿತಾಂಶ ಬರುವ ಮೊದಲೇ ಮಾಡಿದ್ದ ಹಾಡು, ಆಲ್ಬಮ್ ಬಂದದ್ದು ಮತದಾನವಾಗಿ ಮೂರು ದಿನಕ್ಕೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿರೀಕ್ಷೆ ಕಡಿಮೆ ಇದ್ದರೆ ಬೇಜಾರಾಗಲ್ಲ ಅಂತೀರಿ. ಆಲ್ಬಮ್ ಕೆಟ್ಟದಾಗಿರುತ್ತೆ ಅನ್ನೋದೂ ಒಂದು ನಿರೀಕ್ಷೆಯೇ ರೀ. ಅದನ್ನು ಇಟ್ಟುಕೊಂಡು ಕೂತರೆ ಕಿವಿ ಬರೀ ಸಾಕ್ಷಿ ಹುಡುಕುತ್ತೆ. ಇನ್ನು 1991 ಮತ್ತು 1993ರ ಆಲ್ಬಮ್‌ಗಳ ಜೊತೆ ಹೋಲಿಸಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಆಗ ಅವರು ಇಪ್ಪತ್ತರ ಆಸುಪಾಸಿನ ಹುಡುಗರು, ಇಲ್ಲಿ ನಲವತ್ತು ದಾಟಿದವರು ಮಾತಾಡುತ್ತಿದ್ದಾರೆ. ಎರಡನೇ ಭಾಗದ ನಡುವೆ ಸ್ವಲ್ಪ ಸಡಿಲವಾಗುತ್ತೆ, ನಿಜ. ಆದರೂ ಹಾರಿಸಬೇಡಿ. 16 ಹಾಡು, ಎಲ್ಲಾ ಸೇರಿ ಸುಮಾರು ಒಂದು ಗಂಟೆ, ಶಫಲ್ ಬೇಡ. ಮತ್ತೆ ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. 'ವಿ ದ ಪೀಪಲ್' ನಿಂತಿರೋದೇ ಬೇಸ್, ಅಂದರೆ ತಗ್ಗಿನ ಗುಡುಗು ದನಿಯ ಮೇಲೆ, ಫೋನ್ ಸ್ಪೀಕರ್‌ನಲ್ಲಿ ಅದು ಕೇಳಿಸೋದೇ ಇಲ್ಲ.